ಗಾಲ್ಫ್ ವೀರ ಹ್ಯಾರಿ ವಾರ್ಡನ್

ಆಟಗಳಲ್ಲಿ ಎರಡು ವಿಧ. ಕ್ರಿಕೆಟ್, ಟೆನಿಸ್, ವಾಲಿಬಾಲ್ ಮೊದಲಾದ ಆಟಗಳಲ್ಲಿ ಚೆಂಡು ನಮ್ಮ ಮೇಲೆ ಬರುತ್ತದೆ. ಬಂದ ಚೆಂಡನ್ನು ಎದುರಿಸುವ ಗಡಿಬಿಡಿಯಲ್ಲಿ ಹೆದರಿಕೊಳ್ಳುವುದಕ್ಕೂ ಆಟಗಾರನಿಗೆ ಪುರಸತ್ತಿರುವುದಿಲ್ಲ. ಗಾಲ್ಫ್ ಆಟದ ರೀತಿಯೇ ಬೇರೆ. ಅಲ್ಲಿ ಚೆಂಡು ಹುಲ್ಲಿನ ಮೇಲೆ ಸುಮ್ಮನೆ ಕುಳಿತಿರುತ್ತದೆ. ಯಾರೂ ಅದನ್ನು ಎಸೆಯುವುದಿಲ್ಲ, ಯಾರೂ ಅಡ್ಡ ಬರುವುದಿಲ್ಲ. ಆಟಗಾರನು ಬೇಕಾದಷ್ಟು ಹೊತ್ತು ನಿಂತು ಯೋಚಿಸಬಹುದು. ಯೋಚಿಸುವುದಕ್ಕೆ ಇರುವ ಆ ಬಿಡುವೇ ಅವನ ವೈರಿ. ಆದಕಾರಣ ಈ ಆಟವನ್ನು ಗೆಲ್ಲಬಯಸುವವನು ಮೊದಲು ಕೈಯನ್ನು ಪಳಗಿಸಬೇಕು, ಅನಂತರ ಮನಸ್ಸನ್ನು ಪಳಗಿಸಬೇಕು. ಈ ಎರಡು ಕೆಲಸಗಳನ್ನೂ ಗುರುವಿಲ್ಲದೆ, ಹಣವಿಲ್ಲದೆ, ಕಡುಬಡತನದಿಂದ ಮೇಲೆದ್ದು ಸಾಧಿಸಿದ ಒಬ್ಬ ಮಹಾನುಭಾವನ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲು ಯತ್ನಿಸಿದ್ದೇನೆ. ಆತನೇ ಹ್ಯಾರಿ ವಾರ್ಡನ್. ಹೆಸರನ್ನು ಕೇಳಿದೊಡನೆ ಹಾಸ್ಟೆಲಿನ ಮಿತ್ರರು ಬೆಚ್ಚಿಬೀಳಬೇಕಾಗಿಲ್ಲ; ಈ ವಾರ್ಡನ್ನನು ಯಾರ ಹಾಜರಿಯನ್ನೂ ತೆಗೆದುಕೊಂಡವನಲ್ಲ!

ನಮ್ಮ ಶಿಕಾರಿಪುರ, ಸೊರಬದ ಕಡೆಯ ಹುಡುಗರಲ್ಲಿ ಗಾಲ್ಫ್ ಆಟವನ್ನು ಕಣ್ಣಾರೆ ಕಂಡವರು ವಿರಳ. ಆದ್ದರಿಂದ ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ತಿಳಿಸುವುದು ಅವಶ್ಯ. ವಿಶಾಲವಾದ ಹುಲ್ಲುಗಾವಲಿನಲ್ಲಿ ಹದಿನೆಂಟು ಕುಳಿಗಳಿರುತ್ತವೆ. ಒಂದೊಂದು ಕುಳಿಯ ಅಗಲ ನಾಲ್ಕೂಕಾಲು ಅಂಗುಲ ಮಾತ್ರ. ನೂರಾರು ಗಜ ದೂರದಿಂದ ಚಿಕ್ಕ ಚೆಂಡನ್ನು ಕೋಲಿನಿಂದ ಹೊಡೆಯುತ್ತ ಹೋಗಿ ಒಂದಾದ ಮೇಲೊಂದರಂತೆ ಎಲ್ಲ ಕುಳಿಗಳಿಗೂ ಬೀಳಿಸಬೇಕು. ಅತಿ ಕಡಿಮೆ ಹೊಡೆತಗಳಲ್ಲಿ ಮುಗಿಸಿದವನು ಗೆದ್ದವನು. ಮೊದಲ ಹೊಡೆತಕ್ಕೆ ಬಲ ಬೇಕು. ಕುಳಿಯ ಸಮೀಪದ ಮೆಲುಹೊಡೆತಕ್ಕೆ ಎದೆಯ ನೆಮ್ಮದಿ ಬೇಕು. ಮುನ್ನೂರು ಗಜದ ಹೊಡೆತವೂ ಒಂದೇ ಎಣಿಕೆ, ಮೂರು ಅಡಿಯ ಹೊಡೆತವೂ ಒಂದೇ ಎಣಿಕೆ.

ಈ ಆಟ ನಮ್ಮ ನಾಡಿಗೆ ಹೊಸದೇನಲ್ಲ. ೧೮೨೯ರಲ್ಲಿಯೇ ಕಲ್ಕತ್ತೆಯಲ್ಲಿ ಗಾಲ್ಫ್ ಕ್ಲಬ್ಬು ಸ್ಥಾಪನೆಯಾಯಿತು. ಬೆಂಗಳೂರು ಗಾಲ್ಫ್ ಕ್ಲಬ್ಬು ಹುಟ್ಟಿದ್ದು ೧೮೭೬ರಲ್ಲಿ. ಆದರೆ ಅಲ್ಲಿ ಆಡುತ್ತಿದ್ದವರು ಆಳುವ ದೊರೆಗಳು. ಕೋಲುಗಳ ಚೀಲ ಹೊತ್ತು ಅವರ ಹಿಂದೆ ನಡೆಯುತ್ತಿದ್ದವರು ಬಡವರು. ಚೀಲ ಹೊರುವವನಿಗೆ ಕ್ಯಾಡಿ ಎಂದು ಹೆಸರು. ಚೀಲ ಹೊರುವವನಿಗೂ ಆಟ ಬರಬಹುದು ಎಂಬ ಯೋಚನೆ ಆ ಕಾಲದಲ್ಲಿ ಬಹು ಮಂದಿಗೆ ಬಂದಿರಲಾರದು. ಇಂಗ್ಲೆಂಡಿನಲ್ಲಿಯೂ ಸ್ಥಿತಿ ಇದಕ್ಕಿಂತ ಬಹಳ ಭಿನ್ನವಾಗಿರಲಿಲ್ಲ ಎಂಬುದನ್ನು ವಾರ್ಡನ್ನನ ಚರಿತ್ರೆಯಿಂದ ತಿಳಿಯಬಹುದು.

ಹ್ಯಾರಿ ವಾರ್ಡನ್ನನು ೧೮೭೦ನೆಯ ಇಸವಿ ಮೇ ೯ರಂದು ಜರ್ಸಿ ದ್ವೀಪದ ಗ್ರೂವಿಲ್ ಎಂಬ ಹಳ್ಳಿಯಲ್ಲಿ ಜನಿಸಿದನು. ಈ ದ್ವೀಪವು ಬ್ರಿಟಿಷ್ ದೊರೆತನಕ್ಕೆ ಸೇರಿದ್ದರೂ ಫ್ರಾನ್ಸ್ ದೇಶದ ಕರಾವಳಿಗೆ ಹತ್ತಿರವಾಗಿದೆ. ತಂದೆ ತೋಟದ ಮಾಲಿ. ಮನೆಯ ತುಂಬ ಮಕ್ಕಳು. ಉಂಡುಟ್ಟು ಕಾಲ ಕಳೆಯುವುದೇ ಕಷ್ಟವಾಗಿದ್ದ ಸಂಸಾರ. ಹ್ಯಾರಿಗೆ ಏಳು ವರ್ಷವಾದಾಗ, ೧೮೭೭ರಲ್ಲಿ, ಕೆಲವು ಮಂದಿ ದೊಡ್ಡ ಮನುಷ್ಯರು ಊರಿನ ಗೋಮಾಳಕ್ಕೆ ಬಂದು ಅಳತೆ ಮಾಡಿ ಗಾಲ್ಫ್ ಮೈದಾನವನ್ನು ಗುರುತಿಸಿದರು. ತಮ್ಮ ಗೋಮಾಳಕ್ಕೆ ಪರಸ್ಥಳದವರು ಬಂದುದನ್ನು ಕಂಡು ಹಳ್ಳಿಯವರಿಗೆ ಅಸಮಾಧಾನವಾಯಿತು. ಹುಡುಗರಿಗೆ ಮಾತ್ರ ಕುತೂಹಲ. ಚೀಲ ಹೊತ್ತರೆ ನಾಲ್ಕು ಕಾಸು ಸಿಕ್ಕುತ್ತಿತ್ತು. ಜೊತೆಗೆ ಆಟವನ್ನು ಬಿಟ್ಟಿಯಾಗಿ ನೋಡುವ ಭಾಗ್ಯವೂ ಸಿಕ್ಕುತ್ತಿತ್ತು.

ನೋಡಿದವರು ಆಡದೆ ಇರುತ್ತಾರೆಯೆ? ಆದರೆ ಕೋಲು, ಚೆಂಡು ಕೊಳ್ಳಲು ದುಡ್ಡೆಲ್ಲಿ? ಹುಡುಗರು ದೊಡ್ಡ ಬಿಳಿಯ ಗೋಲಿಯನ್ನೇ ಚೆಂಡು ಮಾಡಿಕೊಂಡರು. ಗಟ್ಟಿ ಮರದ ತುಂಡನ್ನು ಕೆತ್ತಿ, ಕಾಯಿಸಿದ ಕಬ್ಬಿಣದ ಸಲಾಕೆಯಿಂದ ಅದರಲ್ಲಿ ತೂತು ಕೊರೆದು, ಮುಳ್ಳುಗಿಡದ ಕೋಲನ್ನು ಸಿಕ್ಕಿಸಿ, ಬೆಣೆ ಹೊಡೆದು ಬಿಗಿ ಮಾಡಿದರು. ಸುಮಾರು ಐವತ್ತು ಗಜಕ್ಕೊಂದರಂತೆ ಕುಳಿ ತೋಡಿ ತಮ್ಮದೇ ಮೈದಾನವನ್ನು ನಿರ್ಮಿಸಿಕೊಂಡರು. ಬೆಳುದಿಂಗಳ ರಾತ್ರಿಗಳಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಗೋಲಿ ಮತ್ತು ಚಿನ್ನಿದಾಂಡುಗಳಲ್ಲಿ ಬೆಳೆದ ನಮಗೆ ಈ ಚಿತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಗೊಬ್ಬಳಿ ಟೊಂಗೆಯನ್ನು ಕಡಿದು ದಾಂಡು ಮಾಡಿಕೊಂಡ ಯಾವ ಹುಡುಗನೂ ಗ್ರೂವಿಲ್ಲಿನ ಹುಡುಗರನ್ನು ತನ್ನ ಒಡನಾಡಿಗಳೆಂದೇ ಭಾವಿಸಬಹುದು.

ಶಾಲೆಯ ವಿದ್ಯೆ ಬೇಗನೆ ಮುಗಿಯಿತು. ಹ್ಯಾರಿ ಚಿಕ್ಕಂದಿನಲ್ಲಿಯೇ ಕೂಲಿಗೆ ನಿಂತನು. ಮುಂದೆ ಮೇಜರ್ ಸ್ಪಾಫರ್ತ್ ಎಂಬ ಸೈನ್ಯಾಧಿಕಾರಿಯ ಮನೆಯಲ್ಲಿ ತೋಟದ ಕೆಲಸಕ್ಕೆ ಸೇರಿದನು. ಆ ಮೇಜರನು ಗಾಲ್ಫ್ ಪ್ರಿಯ. ಅವನು ತನ್ನ ಹಳೆಯ ಕೋಲುಗಳನ್ನು ಹುಡುಗನಿಗೆ ಕೊಟ್ಟು, ಆಗೀಗ ತನ್ನೊಡನೆ ಆಡಲು ಕರೆಯುತ್ತಿದ್ದನು. ಇದರ ಹೊರತು ಹ್ಯಾರಿಗೆ ಆಡಲು ಬಿಡುವು ಸಿಕ್ಕಿದ್ದು ಕಡಿಮೆ. ಯಾರ ಬಳಿಯೂ ಒಂದು ದಿನವೂ ಪಾಠ ಹೇಳಿಸಿಕೊಂಡವನಲ್ಲ. ಚೀಲ ಹೊತ್ತಾಗ ಕಂಡದ್ದನ್ನು ಮನಸ್ಸಿನಲ್ಲಿಟ್ಟುಕೊಂಡು, ಒಂಟಿಯಾಗಿ ಪ್ರಯೋಗ ಮಾಡಿ, ತಪ್ಪನ್ನು ತಾನೇ ಕಂಡುಹಿಡಿದು ತಿದ್ದಿಕೊಂಡನು.

ಜೀವನದ ತಿರುವು ಬಂದದ್ದು ತಮ್ಮನಾದ ಟಾಮ್‌ನ ಮೂಲಕ. ಟಾಮ್ ಮೊದಲೇ ಊರು ಬಿಟ್ಟು ಹೋಗಿ ಗಾಲ್ಫ್ ಕೋಲುಗಳನ್ನು ಮಾಡುವ ಕಸುಬನ್ನು ಕಲಿಯುತ್ತಿದ್ದನು. ಅವನು ಸ್ಕಾಟ್ಲೆಂಡಿನ ಮಸಲ್‌ಬರೊ ಎಂಬಲ್ಲಿ ಪಂದ್ಯವಾಡಿ ೨೦ ಪೌಂಡು ಬಹುಮಾನ ಗಳಿಸಿದ ಸುದ್ದಿ ಮನೆಗೆ ಬಂತು. ತಮ್ಮನಿಗೆ ಸಾಧ್ಯವಾದದ್ದು ತನಗೇಕೆ ಸಾಧ್ಯವಾಗಬಾರದು? ಈ ಒಂದು ಪ್ರಶ್ನೆ ಹ್ಯಾರಿಯನ್ನು ನಿದ್ದೆಗೆಡಿಸಿತು. ೧೮೯೦ರಲ್ಲಿ, ತನ್ನ ಇಪ್ಪತ್ತನೆಯ ವಯಸ್ಸಿನಲ್ಲಿ, ಅವನು ಸಲಿಕೆಯನ್ನು ಕೆಳಗಿಟ್ಟು ಇಂಗ್ಲೆಂಡಿಗೆ ಹೊರಟನು. ದರ್ಭೆ ಹಿಡಿದ ಕೈ ಖಡ್ಗವನ್ನು ಹಿಡಿದ ಕಥೆಯನ್ನು ನಮ್ಮ ತಾಳಗುಂದದ ಸ್ತಂಭಶಾಸನವು ಮಯೂರಶರ್ಮನ ವಿಷಯದಲ್ಲಿ ಹೇಳುತ್ತದೆ. ಅದು ರಾಜ್ಯ ಕಟ್ಟಿದ ಕಥೆ, ಇದು ಹೊಟ್ಟೆಪಾಡಿನ ಕಥೆ. ಆದರೂ ಹಳೆಯ ಉಪಕರಣವನ್ನು ಬಿಟ್ಟು ಹೊಸದನ್ನು ಹಿಡಿಯಲು ಬೇಕಾದ ಧೈರ್ಯ ಎರಡರಲ್ಲಿಯೂ ಇದೆ.

ಇಲ್ಲಿ ಒಂದು ಸ್ವಾರಸ್ಯವಿದೆ. ಹ್ಯಾರಿ ಮೊದಲು ಕೆಲಸಕ್ಕೆ ಸೇರಿದ ಮೈದಾನವು ಲಾರ್ಡ್ ರಿಪನ್ನನ ಸ್ಟಡ್ಲಿ ರಾಯಲ್ ಎಂಬ ಎಸ್ಟೇಟಿನಲ್ಲಿ ಹೊಸದಾಗಿ ನಿರ್ಮಿತವಾದುದಾಗಿತ್ತು. ಭಾರತದ ವೈಸರಾಯ್ ಆಗಿ ೧೮೮೦ರಿಂದ ೧೮೮೪ರವರೆಗೆ ಇದ್ದು, ಸ್ಥಳೀಯ ಸ್ವಯಮಾಡಳಿತಕ್ಕೆ ತಳಹದಿ ಹಾಕಿದನೆಂದು ನಾವು ಇತಿಹಾಸದ ತರಗತಿಯಲ್ಲಿ ಓದಿದ ರಿಪನ್ ಇವನೇ. ಶಿಕಾರಿಪುರ, ಸೊರಬಗಳು ಸೇರಿದ್ದ ಮೈಸೂರು ಸಂಸ್ಥಾನವು ೧೮೮೧ರಲ್ಲಿ ಒಡೆಯರ ಮನೆತನಕ್ಕೆ ಮರಳಿದ್ದೂ ಅವನ ಅಧಿಕಾರಾವಧಿಯಲ್ಲಿಯೇ. ಲೋಕ ಎಷ್ಟು ಚಿಕ್ಕದು!

ಅಲ್ಲಿಂದ ಬರಿ ಎಂಬ ಊರಿಗೆ, ಬಳಿಕ ೧೮೯೬ರಲ್ಲಿ ಯಾರ್ಕ್‌ಶೈರಿನ ಗ್ಯಾಂಟನ್ ಎಂಬಲ್ಲಿಗೆ ವಾರ್ಡನ್ನನು ಹೋದನು. ೧೮೯೧ರಲ್ಲಿ ಜೆಸ್ಸಿ ಎಂಬ ತನ್ನ ಊರಿನ ಕಡೆಯ ಹುಡುಗಿಯನ್ನು ಮದುವೆಯಾದನು. ಹುಟ್ಟಿದ ಮಗು ಕೆಲವೇ ವಾರಗಳಲ್ಲಿ ತೀರಿಕೊಂಡಿತು. ಈ ದುಃಖವನ್ನು ನುಂಗಿಕೊಂಡು ಅವನು ತನ್ನ ಕಸುಬಿನಲ್ಲಿ ಮುಳುಗಿದನು.

ಆಗಿನ ಆಟಗಾರರು ಕೋಲನ್ನು ಅಂಗೈಯಲ್ಲಿ ಹಿಡಿದು ಬಿಗಿಯಾಗಿ ಮುಷ್ಟಿ ಕಟ್ಟುತ್ತಿದ್ದರು. ಹೀಗೆ ಹಿಡಿದರೆ ಎರಡು ಕೈಗಳಿಗೂ ಒಳಜಗಳ ತಪ್ಪದು. ಬಲಗೈ ತನ್ನ ಕಡೆ ಎಳೆದರೆ ಎಡಗೈ ತನ್ನ ಕಡೆ ಎಳೆಯುತ್ತದೆ. ಚೆಂಡು ಎರಡೂ ಬಿಟ್ಟು ಮೂರನೆಯ ಕಡೆ ಹೋಗುತ್ತದೆ. ವಾರ್ಡನ್ನನು ಕೋಲನ್ನು ಬೆರಳುಗಳಿಗೆ ತಂದನು. ಬಲಗೈಯ ಕಿರುಬೆರಳನ್ನು ಎಡಗೈಯ ತೋರುಬೆರಳ ಮೇಲೆ ಏರಿಸಿ, ಎರಡು ಕೈಗಳನ್ನೂ ಒಂದೇ ಕೈಯೆಂಬಂತೆ ಹೆಣೆದನು. ಇದನ್ನು ಮೊದಲು ಕಂಡುಹಿಡಿದವನು ಅವನಲ್ಲ. ಲೇಡ್ಲಿ ಎಂಬ ಸ್ಕಾಟ್ಲೆಂಡಿನ ಆಟಗಾರನು ಅದಕ್ಕೆ ಮೊದಲೇ ಹಾಗೆ ಹಿಡಿಯುತ್ತಿದ್ದನು. ಆದರೆ ಲೋಕಕ್ಕೆ ಕಲಿಸಿದವನು ವಾರ್ಡನ್. ಆದ್ದರಿಂದಲೇ ಅದು ಇಂದಿಗೂ ವಾರ್ಡನ್ ಹಿಡಿತ ಎಂದು ಪ್ರಸಿದ್ಧವಾಗಿದೆ.

ಈ ವಿಷಯ ಓದಿದಾಗ ನನಗೆ ಸೊರಬದ ಗುಡಿಗಾರರ ನೆನಪಾಯಿತು. ಶ್ರೀಗಂಧದ ತುಂಡಿನಲ್ಲಿ ಬಳ್ಳಿಯನ್ನು ಕೆತ್ತುವಾಗ ಅವರು ಉಳಿಯನ್ನು ಹಿಚುಕುವುದಿಲ್ಲ. ಅದು ಬೀಳದಷ್ಟು ಮಾತ್ರ ಹಿಡಿದಿರುತ್ತಾರೆ. ಗದ್ದೆಯಲ್ಲಿ ಕುಡುಗೋಲನ್ನು ಹಿಡಿಯುವುದೂ ಹಾಗೆಯೇ. ಹೊಸದಾಗಿ ಕೊಯ್ಲಿಗೆ ಇಳಿದವನ ಅಂಗೈಯಲ್ಲಿ ಬೊಬ್ಬೆ, ಹಳಬರ ಅಂಗೈಯಲ್ಲಿ ಬತ್ತದ ಹೊರೆ. ನನ್ನ ಮನೆಯ ಹಿರಿಯರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಆದರೆ ವಾರ್ಡನ್ನನ ಪಾಠದ ಈ ಭಾಗವನ್ನು ಅವರಿಗೆ ಹೇಳಿದರೆ ಇದರಲ್ಲೇನು ಹೊಸದು ಎಂದು ನಕ್ಕುಬಿಟ್ಟಾರು.

ಕೈಯ ಮಾತಾಯಿತು. ಮನಸ್ಸಿನ ಮಾತಿಗೆ ೧೮೯೬ರ ಬ್ರಿಟಿಷ್ ಓಪನ್ ಪಂದ್ಯವೇ ಸಾಕ್ಷಿ. ಸ್ಕಾಟ್ಲೆಂಡಿನ ಮ್ಯೂರ್‌ಫೀಲ್ಡಿನಲ್ಲಿ ಸ್ಪರ್ಧೆ. ಹಿಂದಿನ ಎರಡು ವರ್ಷವೂ ಗೆದ್ದಿದ್ದ ಜೆ. ಎಚ್. ಟೇಲರನು ತನ್ನ ಆಟ ಮುಗಿಸಿ ಕುಳಿತಿದ್ದನು. ವಾರ್ಡನ್ನನಿಗೆ ಕೊನೆಯ ಕುಳಿ ಮಾತ್ರ ಉಳಿದಿತ್ತು. ನಾಲ್ಕು ಹೊಡೆತದಲ್ಲಿ ಮುಗಿಸಿದರೆ ಜಯ, ಐದರಲ್ಲಿ ಮುಗಿಸಿದರೆ ಸಮ. ದಾರಿಗೆ ಅಡ್ಡವಾಗಿ ಮರಳಿನ ಹಳ್ಳವಿತ್ತು. ಸಾಹಸ ಮಾಡಿ ಅದರ ಮೇಲೆ ಹಾರಿಸಿದರೆ ಜಯ ಕೈಗೆ ಬರಬಹುದು. ಚೆಂಡು ಹಳ್ಳಕ್ಕೆ ಬಿದ್ದರೆ ಎಲ್ಲವೂ ಹೋಗುತ್ತದೆ. ಇಪ್ಪತ್ತಾರು ವರ್ಷದ ಯುವಕ, ಸುತ್ತಲೂ ಜನ, ಎಂದೂ ಕಾಣದ ಕೀರ್ತಿ ಮೂರು ಹೆಜ್ಜೆಯಲ್ಲಿ! ಬೇರೆ ಯಾರಾದರೂ ಹಾರಿಸಿಯೇ ಬಿಡುತ್ತಿದ್ದರು. ವಾರ್ಡನ್ನನು ಹಳ್ಳದ ಈಚೆಗೇ ಚೆಂಡನ್ನು ನಿಲ್ಲಿಸಿ, ಐದು ಹೊಡೆತದಲ್ಲಿ ಮುಗಿಸಿ, ಸಮ ಮಾಡಿಕೊಂಡನು. ಮರುಪಂದ್ಯದಲ್ಲಿ ಟೇಲರನನ್ನು ನಾಲ್ಕು ಹೊಡೆತಗಳಿಂದ ಸೋಲಿಸಿದನು. ಧೈರ್ಯವೆಂದರೆ ಯಾವಾಗಲೂ ಮುನ್ನುಗ್ಗುವುದಲ್ಲ. ತನ್ನ ಆಸೆಯನ್ನು ತಡೆದು ನಿಲ್ಲಿಸುವುದೂ ಧೈರ್ಯವೇ.

೧೮೯೮ ಮತ್ತು ೧೮೯೯ರಲ್ಲಿ ಮತ್ತೆರಡು ಸಲ ಅದೇ ಪ್ರಶಸ್ತಿ ಅವನಿಗೆ ದೊರೆಯಿತು. ೧೯೦೦ರಲ್ಲಿ ಅಮೆರಿಕೆಗೆ ಹೋಗಿ ಊರೂರು ತಿರುಗಿ ಆಡಿದನು. ಆ ದೇಶದಲ್ಲಿ ಗಾಲ್ಫ್ ಹರಡಲು ಈ ಸಂಚಾರವು ಬಹುಮಟ್ಟಿಗೆ ಕಾರಣವಾಯಿತು. ಅಲ್ಲಿಯ ಓಪನ್ ಪ್ರಶಸ್ತಿಯನ್ನೂ ಗೆದ್ದನು. ಆ ಪಂದ್ಯದ ಕೊನೆಯ ಕುಳಿಯಲ್ಲಿ ಒಂದು ತಮಾಷೆ ನಡೆಯಿತು. ಅಂಗುಲಗಳ ದೂರದಲ್ಲಿದ್ದ ಚೆಂಡನ್ನು ಅಸಡ್ಡೆಯಿಂದ ತಟ್ಟಹೋಗಿ, ಕೋಲು ನೆಲಕ್ಕೆ ತಗುಲಿ, ಚೆಂಡು ಅಲ್ಲಾಡಲೇ ಇಲ್ಲ! ಅದೂ ಒಂದು ಹೊಡೆತವೆಂದೇ ಎಣಿಕೆಯಾಯಿತು. ಮೊದಲೇ ಮುಂದಿದ್ದುದರಿಂದ ಎರಡು ಹೊಡೆತಗಳ ಅಂತರದಲ್ಲಿ ಜಯ ಉಳಿಯಿತು. ಮಹಾಪುರುಷರೂ ಒಂದು ಕ್ಷಣ ಮೈಮರೆಯುತ್ತಾರೆ. ಆದರೆ ಮೈಮರೆವಿಗೆ ರಿಯಾಯಿತಿ ಇಲ್ಲ.

ಅಭ್ಯಾಸದ ವಿಷಯದಲ್ಲಿ ಅವನ ಅಭಿಪ್ರಾಯಗಳು ೧೯೦೫ರಲ್ಲಿ ಪ್ರಕಟವಾದ ಅವನ ಪುಸ್ತಕದಿಂದ ತಿಳಿಯುತ್ತವೆ. ಹೊಸಬನು ಮೊದಲ ದಿನವೇ ಪಂದ್ಯಕ್ಕೆ ಇಳಿಯಬಾರದು. ಒಂದೊಂದೇ ಕೋಲನ್ನು ತೆಗೆದುಕೊಂಡು ಅದು ಕೈವಶವಾಗುವವರೆಗೆ ಸಾಧನೆ ಮಾಡಬೇಕು. ಹೊಡೆಯುವಾಗ ತಲೆ ಅಲುಗಬಾರದು. ಬಲವನ್ನು ಹೆಚ್ಚಾಗಿ ಸುರಿದಷ್ಟೂ ಚೆಂಡು ದಾರಿ ತಪ್ಪುತ್ತದೆ. ಅವನ ಆಟವನ್ನು ಕಂಡವರು ಆ ಹೊಡೆತದಲ್ಲಿ ಶ್ರಮದ ಸುಳಿವೇ ಇರಲಿಲ್ಲವೆಂದು ಬೆರಗಾಗಿದ್ದಾರೆ. ಬೆಳಗಿನ ಆಟದಲ್ಲಿ ಅವನ ಕೋಲು ಕಿತ್ತ ಹುಲ್ಲಿನ ಗುಳಿಯಲ್ಲಿಯೇ ಮಧ್ಯಾಹ್ನದ ಆಟದ ಚೆಂಡು ಬಂದು ಕೂರುತ್ತಿತ್ತು ಎಂಬ ಕಟ್ಟುಕಥೆಯೂ ಹುಟ್ಟಿಕೊಂಡಿತ್ತು. ಇದು ಕಥೆಯೇ ಹೊರತು ನಿಜವಲ್ಲ. ಆದರೆ ಎಂಥವನ ಸುತ್ತ ಇಂಥ ಕಥೆಗಳು ಹುಟ್ಟುತ್ತವೆ ಎಂಬುದು ಗಮನಾರ್ಹ.

ಕೀರ್ತಿಯ ಶಿಖರದಲ್ಲಿ ನಿಂತಾಗಲೇ ವಿಧಿ ಅವನನ್ನು ಪರೀಕ್ಷಿಸಿತು. ೧೯೦೩ರಲ್ಲಿ ಪ್ರೆಸ್ಟ್‌ವಿಕ್ಕಿನಲ್ಲಿ ಅವನು ನಾಲ್ಕನೆಯ ಸಲ ಬ್ರಿಟಿಷ್ ಓಪನ್ ಗೆದ್ದಾಗ ನಿಲ್ಲಲೂ ತ್ರಾಣವಿರಲಿಲ್ಲ. ಎರಡನೆಯ ಸ್ಥಾನ ಪಡೆದವನು ತಮ್ಮ ಟಾಮ್. ಸ್ವಲ್ಪ ಕಾಲದಲ್ಲಿಯೇ ಅದು ಕ್ಷಯರೋಗವೆಂದು ತಿಳಿಯಿತು. ಆ ಕಾಲದಲ್ಲಿ ಕ್ಷಯಕ್ಕೆ ಮದ್ದಿರಲಿಲ್ಲ. ಶುದ್ಧ ಗಾಳಿ, ವಿಶ್ರಾಂತಿ, ಪುಷ್ಟಿಕರವಾದ ಆಹಾರ, ಇಷ್ಟೇ ಚಿಕಿತ್ಸೆ. ಸ್ಟ್ರೆಪ್ಟೊಮೈಸಿನ್ ಬಂದದ್ದು ನಲವತ್ತು ವರ್ಷಗಳ ಬಳಿಕ. ಮಂಡ್‌ಸ್ಲಿ ಎಂಬ ಕಡಲ ತೀರದ ಆರೋಗ್ಯಧಾಮದಲ್ಲಿ ಅವನು ತಿಂಗಳುಗಟ್ಟಲೆ ಮಲಗಿದನು. ಒಂದೇ ಹೊಡೆತದಲ್ಲಿ ಚೆಂಡನ್ನು ಕುಳಿಗೆ ಬೀಳಿಸುವ ಅಪೂರ್ವ ಭಾಗ್ಯ ಅವನ ಜೀವಮಾನದಲ್ಲಿ ಒದಗಿದ್ದು ಒಂದೇ ಸಲ. ಅದೂ ಈ ಊರಿನಲ್ಲಿ, ರೋಗಿಯಾಗಿ ಚೇತರಿಸಿಕೊಳ್ಳುತ್ತಿದ್ದಾಗ!

ರೋಗ ತಗ್ಗಿತು, ಆದರೆ ಒಂದು ವಿಚಿತ್ರ ವ್ಯಥೆ ಉಳಿಯಿತು. ಕುಳಿಯಿಂದ ಮೂರು ನಾಲ್ಕು ಅಡಿ ದೂರದ ಮೆಲುಹೊಡೆತದ ಹೊತ್ತಿಗೆ ಬಲಗೈ ತಾನಾಗಿ ಎಗರುತ್ತಿತ್ತು. ಇನ್ನೂರು ಗಜ ದೂರದಿಂದ ಗುರಿ ತಪ್ಪದವನು ಮಗುವೂ ಹಾಕಬಲ್ಲ ದೂರದಿಂದ ತಪ್ಪುತ್ತಿದ್ದನು. ವರ್ಷಗಳು ಕಳೆದವು; ಪ್ರಶಸ್ತಿಗಳು ಇತರರ ಪಾಲಾದವು. ವಾರ್ಡನ್ನನ ಕಾಲ ಮುಗಿಯಿತೆಂದು ಜನ ಭಾವಿಸಿದರು. ಅವನು ಗೊಣಗಲಿಲ್ಲ. ಕೈ ಕೊಟ್ಟ ಕಡೆ ಬಿಟ್ಟು, ಕೈ ಕೊಡದ ಕಡೆ ಆಟವನ್ನು ಇನ್ನೂ ಮಸೆದನು. ಮೆಲುಹೊಡೆತದ ಅವಶ್ಯಕತೆಯೇ ಕಡಿಮೆಯಾಗುವಂತೆ ದೂರದ ಹೊಡೆತವನ್ನು ಕುಳಿಯ ಹತ್ತಿರ ತಂದನು. ೧೯೧೧ರಲ್ಲಿ ಐದನೆಯ ಸಲ, ೧೯೧೪ರಲ್ಲಿ ತನ್ನ ನಲವತ್ತನಾಲ್ಕನೆಯ ವಯಸ್ಸಿನಲ್ಲಿ ಆರನೆಯ ಸಲ ಬ್ರಿಟಿಷ್ ಓಪನ್ ಗೆದ್ದನು. ಆರು ಸಲ ಗೆದ್ದವನು ಇಂದಿಗೂ ಅವನೊಬ್ಬನೇ. ಅವನು, ಟೇಲರ್ ಮತ್ತು ಜೇಮ್ಸ್ ಬ್ರೇಡ್ ಈ ಮೂವರೇ ೧೮೯೪ರಿಂದ ೧೯೧೪ರವರೆಗಿನ ೨೧ ಸ್ಪರ್ಧೆಗಳಲ್ಲಿ ೧೬ನ್ನು ಹಂಚಿಕೊಂಡರು.

ಗೆಲುವಿಗಿಂತ ಸೋಲಿನಲ್ಲಿ ಮನುಷ್ಯನ ಯೋಗ್ಯತೆ ಹೆಚ್ಚು ಸ್ಪಷ್ಟವಾಗುತ್ತದೆ. ೧೯೧೩ರ ಅಮೆರಿಕನ್ ಓಪನ್ ಪಂದ್ಯವು ಬ್ರೂಕ್‌ಲೈನ್ ಎಂಬಲ್ಲಿ ನಡೆಯಿತು. ವಾರ್ಡನ್ ಮತ್ತು ಅವನ ದ್ವೀಪದವನೇ ಆದ ಟೆಡ್ ರೇ ಇಬ್ಬರೂ ಸಮವಾಗಿ ಮುಗಿಸಿದರು. ಮೂರನೆಯವನಾಗಿ ಬಂದು ಸೇರಿಕೊಂಡವನು ಫ್ರಾನ್ಸಿಸ್ ವೀಮೆಟ್ ಎಂಬ ಇಪ್ಪತ್ತು ವರ್ಷದ ಅನಾಮಧೇಯ ಹುಡುಗ. ಮೈದಾನದ ಎದುರಿನ ಬೀದಿಯಲ್ಲಿಯೇ ಅವನ ಮನೆ. ಅವನ ತಂದೆಯೂ ಮಾಲಿ. ಅವನೂ ಅದೇ ಕ್ಲಬ್ಬಿನಲ್ಲಿ ಚೀಲ ಹೊತ್ತವನು. ಅವನ ಚೀಲ ಹೊತ್ತು ಬಂದವನು ಹತ್ತು ವರ್ಷದ ಪೋರ! ಮರುಪಂದ್ಯದಲ್ಲಿ ವೀಮೆಟ್ ೭೨, ವಾರ್ಡನ್ ೭೭, ರೇ ೭೮. ಲೋಕವೇ ಬೆರಗಾಯಿತು. ಸೋತ ವಾರ್ಡನ್ನನು ಮೈದಾನವನ್ನಾಗಲಿ ಮಳೆಯನ್ನಾಗಲಿ ದೂರದೆ ಹುಡುಗನ ಆಟವನ್ನು ಮನಸಾರೆ ಹೊಗಳಿದನು. ಒಬ್ಬ ಮಾಲಿಯ ಮಗನ ಕೈಯಿಂದ ಇನ್ನೊಬ್ಬ ಮಾಲಿಯ ಮಗನಿಗೆ ಕೀರ್ತಿ ದಾಟಿತು.

ಏಳು ವರ್ಷಗಳ ಅನಂತರ, ೧೯೨೦ರಲ್ಲಿ, ಐವತ್ತು ವರ್ಷದ ವಾರ್ಡನ್ನನು ಅಮೆರಿಕೆಯ ಟೊಲೀಡೊ ನಗರದ ಇನ್ವರ್ನೆಸ್ ಕ್ಲಬ್ಬಿನಲ್ಲಿ ಮತ್ತೆ ಆ ಪ್ರಶಸ್ತಿಗೆ ಆಡಿದನು. ಕೊನೆಯ ದಿನ ಎಲ್ಲರಿಗಿಂತ ಮುಂದಿದ್ದನು. ಕಡೆಯ ಕೆಲವು ಕುಳಿಗಳು ಉಳಿದಿರುವಾಗ ಬಿರುಗಾಳಿ ಎದ್ದಿತು. ಮುಪ್ಪಿನ ಮೈ ದಣಿಯಿತು, ಬಲಗೈ ಮತ್ತೆ ಎಗರಿತು. ಒಂದೇ ಒಂದು ಹೊಡೆತದಿಂದ ಸೋತನು. ಗೆದ್ದವನು ಹಳೆಯ ಗೆಳೆಯ ರೇ. ಆದರೆ ಆ ಪಂದ್ಯವು ಬೇರೊಂದು ಕಾರಣಕ್ಕಾಗಿ ಚರಿತ್ರೆಯಲ್ಲಿ ಉಳಿದಿದೆ. ಕೂಲಿಗಾಗಿ ಆಡುವ ಆಟಗಾರರು ಎಷ್ಟೇ ಪ್ರಸಿದ್ಧರಾಗಿದ್ದರೂ ಕ್ಲಬ್ಬಿನ ಕಟ್ಟಡದೊಳಗೆ ಅಡಿಯಿಡುವಂತಿರಲಿಲ್ಲ. ಬಟ್ಟೆ ಬದಲಾಯಿಸಲು, ಊಟ ಮಾಡಲು ಅವರಿಗೆ ಹೊರಗಡೆಯೇ ಜಾಗ. ಇನ್ವರ್ನೆಸ್ ಕ್ಲಬ್ಬು ಆ ವರ್ಷ ತನ್ನ ಬಾಗಿಲನ್ನು ಅವರಿಗೆ ತೆರೆಯಿತು. ಕೃತಜ್ಞರಾದ ಆಟಗಾರರು ಮುಂದೆ ಆ ಕ್ಲಬ್ಬಿಗೆ ದೊಡ್ಡ ಗಡಿಯಾರವೊಂದನ್ನು ಕಾಣಿಕೆ ಕೊಟ್ಟರು. ವಾರ್ಡನ್ನನು ಆ ಸಲ ಕಳೆದುಕೊಂಡದ್ದು ಒಂದು ಬಟ್ಟಲು. ಅವನ ಕಸುಬಿನವರೆಲ್ಲ ಪಡೆದದ್ದು ಒಂದು ಬಾಗಿಲು.

ಕೊನೆಯ ದಿನಗಳನ್ನು ಅವನು ಲಂಡನ್ ಬಳಿಯ ಟಾಟರಿಜ್ ಎಂಬಲ್ಲಿ, ಸೌತ್ ಹರ್ಟ್ಸ್ ಕ್ಲಬ್ಬಿನ ಶಿಕ್ಷಕನಾಗಿ, ಇತರರಿಗೆ ಆಟ ಕಲಿಸುತ್ತ ಕಳೆದನು. ೧೯೩೭ರ ಮಾರ್ಚ್ ೨೦ರಂದು ಅಲ್ಲಿಯೇ ದೇಹವನ್ನು ಬಿಟ್ಟನು. ಅದೇ ವರ್ಷ ಅಮೆರಿಕೆಯಲ್ಲಿ ಅವನ ಹೆಸರಿನ ಪಾರಿತೋಷಕ ಸ್ಥಾಪಿತವಾಯಿತು.

ಅಂದು ತೆರೆದ ಬಾಗಿಲು ನಮ್ಮ ನಾಡಿನವರೆಗೂ ಬಂದಿದೆ. ಬೆಂಗಳೂರಿನಲ್ಲಿ ಕ್ಯಾಡಿಯಾಗಿ ಚೀಲ ಹೊತ್ತ ಚಿನ್ನಸ್ವಾಮಿ ಮುನಿಯಪ್ಪನವರು ೨೦೦೯ರಲ್ಲಿ ಇಂಡಿಯನ್ ಓಪನ್ ಪ್ರಶಸ್ತಿಯನ್ನು ಗೆದ್ದರು. ಬೆಂಗಳೂರಿನವರೇ ಆದ ಅದಿತಿ ಅಶೋಕ್ ಅವರು ೨೦೨೧ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆದರು. ಪದಕಕ್ಕೂ ಅವರಿಗೂ ನಡುವೆ ಇದ್ದುದು ಒಂದೇ ಹೊಡೆತದ ಅಂತರ.

ಮಿತ್ರರೆ, ನಮ್ಮಲ್ಲಿ ಎಷ್ಟು ಮಂದಿ ಗಾಲ್ಫ್ ಆಡಿಯೇವೋ ಹೇಳಲಾರೆ. ಆದರೆ ನಿಶ್ಚಲವಾಗಿ ಕುಳಿತು ನಮ್ಮನ್ನು ಹೆದರಿಸುವ ಚೆಂಡು ನಮಗೂ ಉಂಟು. ಪರೀಕ್ಷೆಯ ಕೊಠಡಿಯಲ್ಲಿ ಎದುರಿಗಿರುವ ಬಿಳಿಯ ಹಾಳೆಯೇ ಅದು. ಮನೆತನದಲ್ಲಿ ಮೊದಲ ಸಲ ಆ ಕೊಠಡಿಗೆ ಕಾಲಿಟ್ಟ ನನ್ನಂಥವರಿಗೆ ಆ ಹಾಳೆಯ ಭಾರ ಸ್ವಲ್ಪ ಹೆಚ್ಚು. ಮೊದಲ ವರ್ಷ ನಾನು ಲೇಖನಿಯನ್ನು ಬಿಗಿಯಾಗಿ ಹಿಡಿದು ಹಿಡಿದು ಬೆರಳುಗಳು ಮರಗಟ್ಟಿ, ಬಲ್ಲ ಉತ್ತರವನ್ನೇ ಅರ್ಧಕ್ಕೆ ಬಿಟ್ಟು ಬಂದಿದ್ದೆ. ಈಗ ಉತ್ತರ ಬರೆಯಲು ತೊಡಗುವ ಮೊದಲು ಒಂದು ಕ್ಷಣ ಲೇಖನಿಯನ್ನು ಕೆಳಗಿಟ್ಟು, ಕೈಯನ್ನು ಸಡಿಲಿಸಿ, ಜರ್ಸಿ ದ್ವೀಪದ ಆ ಮಾಲಿಯ ಮಗನನ್ನು ನೆನೆಯುತ್ತೇನೆ. ಅವನು ಬೆಳುದಿಂಗಳಲ್ಲಿ ಗೋಲಿಯಾಡುತ್ತ ಕಲಿತ ವಿದ್ಯೆ ಇಷ್ಟು ದೂರ ಬಂದು ಸೊರಬದ ದಾರಿಯ ಒಬ್ಬ ಹುಡುಗನ ಕೈ ನಡುಕವನ್ನು ನಿಲ್ಲಿಸೀತೆಂದು ಅವನು ಕನಸಿನಲ್ಲಿಯೂ ಎಣಿಸಿರಲಾರ. ಆ ಋಣಕ್ಕಾಗಿ ಈ ಸಣ್ಣ ಲೇಖನ.